ಸುಸ್ತು ಕಲಿಸಿದ ಫಿನ್ಲೆಂಡಿನಾಕೆ

ವಯಸ್ಸು ನಲವತ್ತಾದ ಮೇಲೆ ಇನ್ನೇನೂ ಗಾಬರಿ ಹುಟ್ಟಿಸುವುದಿಲ್ಲ ಅಂದುಕೊಂಡಿದ್ದೆ. ಆದರೆ ಜಪಾನಿನ ಶಿನಾಗಾವಾದಲ್ಲಿರುವ ನಮ್ಮ ಆಫೀಸಿನಲ್ಲಿ ಗುರುವಾರ ಸಂಜೆ ನಾಲ್ಕಕ್ಕೆ ಒಂದು ಮೀಟಿಂಗ್ ಇದೆ ನೋಡಿ, ಅದರಿಂದ ನಾನು ಬೆಚ್ಚಿಬೀಳದೆ ಎದ್ದುಬಂದ ವಾರವೇ ಇಲ್ಲ. ಫಿನ್ಲೆಂಡಿನ ಒಂದು ಕಂಪನಿಯ ಸಾಫ್ಟ್‌ವೇರನ್ನು ಪರೀಕ್ಷೆ ಮಾಡಿಕೊಡುವುದು ನಮ್ಮ ಕೆಲಸ. ಪರದೆಯ ಆ ಕಡೆ ಆ ಕಂಪನಿಯ ಹೆಂಗಸೊಬ್ಬಳು. ಈ ಕಡೆ ಆರು ಜನ ಜಪಾನೀಯರು, ನಮ್ಮ ವಿಭಾಗದ ಮುಖ್ಯಸ್ಥರಾದ ಬುಚೋ, ಮತ್ತು ತುಮಕೂರಿನ ನಾನು.

ಬೆಳಿಗ್ಗೆ ಹತ್ತಕ್ಕೇ

ನಮಗೆ ಸಂಜೆ ನಾಲ್ಕಾದರೆ ಆಕೆಗೆ ಬೆಳಿಗ್ಗೆ ಹತ್ತು. ಮೊದಲ ಮೀಟಿಂಗಿನಲ್ಲೇ ಆಕೆ, "ನಾನು ಪುಹ್ಕಿ" ಅಂದಳು. ಹಾಗಂದರೇನು ಅಂತ ಕೇಳಿದೆ. ಸವೆದು ತೂತಾಗಿದ್ದೇನೆ, ಅಂದರೆ ತುಂಬಾ ಸುಸ್ತಾಗಿದೆ ಅಂತ ಅವರ ಭಾಷೆಯಲ್ಲಿ ಹೇಳುವ ರೀತಿಯಂತೆ. ಜ್ವರವೇ ಅಂತ ವಿಚಾರಿಸಿದೆ. ಏನೂ ಇಲ್ಲ, ಬರೀ ಸುಸ್ತು, ಮನೆಗೆ ಹೋಗುತ್ತೇನೆ, ಉಳಿದದ್ದು ಸೋಮವಾರ ಅಂದು ಕ್ಯಾಮೆರಾ ಆರಿಸಿಯೇಬಿಟ್ಟಳು.

ಗಿರಾಕಿಯೇ ಮೀಟಿಂಗ್ ಮುಗಿಯಿತು ಅನ್ನದೆ ನಮ್ಮಲ್ಲಿ ಯಾರೂ ಏಳುವ ಹಾಗಿಲ್ಲ. ಹೇಳಬೇಕಾದವಳು ಆಗಲೇ ಕೋಟು ಹಾಕಿಕೊಂಡು ಹೊರಟಿದ್ದಳು. ನಾವು ಎಂಟು ಜನ ಖಾಲಿ ಪರದೆಯ ಮುಂದೆ ನಾಲ್ಕೂವರೆಯವರೆಗೂ ಗಂಭೀರವಾಗಿ ಕೂತಿದ್ದೆವು. ಒಬ್ಬರು ನೋಟ್ಸ್ ಕೂಡ ಬರೆದುಕೊಂಡರು.

ಕುಕ್ಕರ್

ಸುಸ್ತು ಅನ್ನಲು ಆಕೆಯ ಬಳಿ ಇರುವ ಮಾತುಗಳನ್ನೆಲ್ಲ ಕಲಿಯಲೇಬೇಕು ಅನ್ನಿಸಿತು. ಅದಕ್ಕೊಂದು ಕಾರಣವಿತ್ತು. ತುಮಕೂರಿನಲ್ಲಿ ನನ್ನ ತಂಗಿಯ ಸೀಮಂತ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಅವಳಿಗೆ ಮಗುವಾಗುತ್ತಿತ್ತು. ನನಗೆ ಹತ್ತು ದಿನ ರಜೆ ಬೇಕಿತ್ತು. ರಜೆ ಏನೋ ಲೆಕ್ಕದಲ್ಲಿ ಬೇಕಾದಷ್ಟಿದೆ, ಆದರೆ ನಮ್ಮ ವಿಭಾಗದಲ್ಲಿ ಯಾರೂ ಒಟ್ಟಿಗೆ ಮೂರು ದಿನದ ಮೇಲೆ ತೆಗೆದುಕೊಂಡವರಿಲ್ಲ. ಅರ್ಜಿಯೇನೋ ಬರೆದು ಬುಚೋ ಮೇಜಿನ ಮೇಲಿಟ್ಟೆ. ಎರಡು ವಾರ ಅದು ಇಟ್ಟಲ್ಲೇ ಇತ್ತು.

ಜಪಾನಿನಲ್ಲಿ ಬೆಳಿಗ್ಗೆಯಿಂದಲೇ ಒಬ್ಬರಿಗೊಬ್ಬರು "ಒತ್ಸುಕಾರೆಸಾಮಾ" ಅನ್ನುತ್ತಾರೆ. ನೀವು ದಣಿದಿದ್ದೀರಿ ಅಂತ ಅದರ ಭಾವ. ಎದುರಿಗಿದ್ದವರೆಲ್ಲ ದಣಿದವರೇ, ನನಗೆ ದಣಿವಾಗಿದೆ ಅನ್ನುವವರು ಮಾತ್ರ ಒಬ್ಬರೂ ಇಲ್ಲ. ಆದ್ದರಿಂದ ಫಿನ್ಲೆಂಡಿನಾಕೆಯಿಂದ ನಾಲ್ಕು ಮಾತು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಪುಹ್ಕಿ, ಸವೆದುಹೋಗಿದ್ದೇನೆ. ಪೊಯಿಕ್ಕಿ, ಮುರಿದಿದ್ದೇನೆ. ಲೊಪ್ಪು, ಮುಗಿದುಹೋಗಿದ್ದೇನೆ. ನಾತ್ತಿ ಅನ್ನುವುದರ ಅರ್ಥ ಕೇಳಿದರೆ, ವಿವರಿಸಲು ಶಕ್ತಿಯಿಲ್ಲ ಅಂದಳು.

ಓಜಿಮಾದ ಮನೆಗೆ ಬಂದು ಮೊದಲ ಪ್ರಯೋಗ ಗಂಡನ ಮೇಲೆ. ಸೋಫಾದಲ್ಲಿ ಕುಸಿದು, ನಾನು ಲೊಪ್ಪು, ಪೂರ್ತಿ ಮುಗಿದುಹೋಗಿದ್ದೇನೆ ಅಂತ ಅರ್ಥಸಹಿತ ಹೇಳಿದೆ. ಜಪಾನಿನಲ್ಲೇ ಹುಟ್ಟಿ, ಅಲ್ಲಿಯ ಮಕ್ಕಳಂತೆ ಅಮ್ಮನನ್ನು ಮಾಮಾ ಅನ್ನುವ ಮಗಳು ಪುಸ್ತಕದಿಂದ ತಲೆಯೆತ್ತದೆ, "ಮಾಮಾ, ಗಂಬಾರೆ" ಅಂದಳು. ಇನ್ನಷ್ಟು ಕಷ್ಟಪಡು ಅಂತ ಹುರಿದುಂಬಿಸುವ ಮಾತು ಅದು. ಗಂಡ ಫೋನಿನಿಂದ ತಲೆಯೆತ್ತಿದರು.

"ಪೂರ್ತಿ ಮುಗಿಯೋಕ್ ಮುಂಚೆ ಒಂದ್ಸಲ ಕುಕ್ಕರ್ ಇಟ್ಬಿಡು."

ಮೂರು ಡಬ್ಬಿ

ಮುಂದಿನ ಗುರುವಾರ ಮೀಟಿಂಗ್ ಶುರುವಿಗೆ ಆಕೆ, ಎಲ್ಲರೂ ಹೇಗಿದ್ದೀರಿ ಅಂತ ಕೇಳಿದಳು. ಆರೂ ಜನ ಚೆನ್ನಾಗಿದ್ದೇವೆ ಅಂದರು. ನಾನು ನಮ್ಮೂರ ರೂಢಿಯಲ್ಲಿ, ನಾನು ಪೊಯಿಕ್ಕಿ ಅಂದೆ. ನಮ್ಮಲ್ಲಿ ಸುಸ್ತಪ್ಪಾ ಅಂದವರು ಮರುಕ್ಷಣ ಎದ್ದು ಪಾತ್ರೆ ತೊಳೆಯುತ್ತಾರೆ. ಆ ಮಾತಿನ ಮೇಲೆ ಯಾರೂ ಕ್ರಮ ಕೈಗೊಳ್ಳುವುದಿಲ್ಲ.

ಆಕೆ ಕೈಗೊಂಡಳು. ಹಾಗಾದರೆ ಇಲ್ಲಿ ಯಾಕೆ ಕೂತಿದ್ದೀಯ ಅಂತ ಕೇಳಿ, ಅಂದಿನ ಕೆಲಸವನ್ನೆಲ್ಲ ಸೋಮವಾರಕ್ಕೆ ಹಾಕಿಬಿಟ್ಟಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅರ್ಧ ಗಂಟೆಯಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿ ಕೊಂಬಿನಿ ಅನ್ನುವ ಬೀದಿಬದಿಯ ಅಂಗಡಿಯಿಂದ ಸಿಹಿಯ ಡಬ್ಬಿ ತಂದು ನನ್ನ ಮುಂದೆ ಬಾಗಿ, ನಿಮ್ಮನ್ನು ದಣಿಸಿದ್ದಕ್ಕೆ ಸುಮಿಮಾಸೆನ್, ಕ್ಷಮಿಸಿ ಅಂದರು. ಅವರನ್ನು ನೋಡಿ ಇನ್ನಿಬ್ಬರು. ಮೂವರಿಗೂ ನಾನು ತಿರುಗಿ ಬಾಗಿದೆ. ನಾನು ಬಾಗಿದ್ದಕ್ಕೆ ಅವರು ಮತ್ತೆ ಬಾಗಿದರು. ನಿಜವಾಗಿ ಸೊಂಟ ಹಿಡಿದುಕೊಂಡದ್ದು ಆಮೇಲೆಯೇ.

ಮನೆಗೆ ಹೋಗಿ

ಗಿರಾಕಿಯನ್ನು ಅರ್ಥಮಾಡಿಕೊಳ್ಳಬೇಕು ಅಂತ ಬುಚೋ ನನ್ನ ನೋಟ್‌ಬುಕ್ಕಿನ ಆ ಪುಟದ ನಕಲು ಕೇಳಿದರು. ಖುಷಿಯಿಂದ ಕೊಟ್ಟೆ. ಸುಸ್ತು ಅಂದರೇನು ಅಂತ ಗೊತ್ತಾದರೆ ನನ್ನ ಅರ್ಜಿಯ ಮೇಲೆ ಮುದ್ರೆ ಒತ್ತಿಯಾರು ಅನ್ನುವ ಆಸೆ.

ಮುಂದಿನ ಮೀಟಿಂಗಿನಲ್ಲಿ ಆಕೆ ಎಂದಿನಂತೆ ಹೇಗಿದ್ದೀರಿ ಅಂದಳು. ಬುಚೋ ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಬಾಗಿ, "ನಾನು ಪೊಯಿಕ್ಕಿ" ಅಂದರು. ಮೂವತ್ತು ವರ್ಷದ ನೌಕರಿಯಲ್ಲಿ ಆ ಮನುಷ್ಯ ಆಕಳಿಸಿದ್ದನ್ನೂ ಯಾರೂ ಕಂಡಿರಲಿಲ್ಲ. ಒಬ್ಬರ ಕೈಯಿಂದ ಪೆನ್ನು ಬಿತ್ತು.

"ಮನೆಗೆ ಹೋಗಿ" ಅಂದಳು ಆಕೆ.

ಗಿರಾಕಿಯ ಮಾತು ಮೀರುವಂತಿಲ್ಲ. ಬುಚೋ ಚೀಲ ಎತ್ತಿಕೊಂಡು ನಾಲ್ಕೂಕಾಲಿಗೆ ಹೊರಟೇಬಿಟ್ಟರು.

ಮರುದಿನ ನನ್ನನ್ನು ಕರೆದರು. ನಿಮ್ಮ ಅರ್ಜಿ ನೋಡಿಯೇ ನನಗೆ ಧೈರ್ಯ ಬಂತು, ತುಂಬಾ ಉಪಕಾರವಾಯಿತು ಅಂತ ಬಾಗಿದರು. ಅವರೂ ಹತ್ತು ದಿನ ರಜೆ ಬರೆದಿದ್ದರು. ನಾನು ಬರೆದ ಅದೇ ಹತ್ತು ದಿನ. ನಾವಿಬ್ಬರೂ ಒಂದೇ ಸಲ ರಜೆ ಹೋದರೆ ನಡೆಯುವುದಿಲ್ಲ, ನೀವು ನನ್ನ ಕುರ್ಚಿಯಲ್ಲಿ ಕೂರುವಿರಾ ಅಂತ ಕೇಳಿದರು. ನನಗೆ ಮಾತೇ ಹೊರಡಲಿಲ್ಲ. ಜಪಾನಿನಲ್ಲಿ ಮಾತು ಹೊರಡದಿದ್ದರೆ ಒಪ್ಪಿಗೆ ಅಂತ ಲೆಕ್ಕ.

ತಂಗಿಯ ಸೀಮಂತವನ್ನು ಬುಚೋ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ನೋಡಿದೆ. ಕೈತುಂಬ ಹಸಿರು ಬಳೆ ತೊಟ್ಟ ತಂಗಿ, "ಅಕ್ಕಾ, ನೀನ್ ಬರ್ತೀಯ ಅಂತ ಕೊನೇವರ್ಗೂ ಕಾದೆ ಕಣೇ" ಅಂದಳು. ಬಾತ್‌ರೂಮಿಗೆ ಹೋಗಿ ಅತ್ತೆ.

ನಾಲ್ಕು ವಾರ

ಮೂರು ತಿಂಗಳಾದ ಮೇಲೆ ತಂಗಿಗೆ ಹೆಣ್ಣುಮಗುವಾಯಿತು. ನಾಮಕರಣದ ದಿನ ಗೊತ್ತಾಯಿತು. ಇನ್ನೊಂದು ಅರ್ಜಿ ಬರೆಯುವ ಧೈರ್ಯ ಮಾತ್ರ ನನಗಿರಲಿಲ್ಲ. ಆ ಗುರುವಾರ ಫಿನ್ಲೆಂಡಿನಾಕೆ ಹೇಗಿದ್ದೀಯ ಅಂದಾಗ ಏನಾಯಿತೋ, ಪುಹ್ಕಿ, ಪೊಯಿಕ್ಕಿ, ಲೊಪ್ಪು, ನಾತ್ತಿ ಅಂತ ಇಡೀ ಪುಟವನ್ನೇ ಒದರಿಬಿಟ್ಟೆ. ಆರು ಜನ ತಲೆ ತಗ್ಗಿಸಿದರು.

ಆಕೆ ಬಾಯಿ ತೆರೆಯುವ ಮೊದಲೇ ಬುಚೋ ಅಂದರು, "ಮನೆಗೆ ಹೋಗಿ."

ಸರಿ ಅಂತ ಓಜಿಮಾಕ್ಕೆ ಹೊರಡಲು ಚೀಲ ಎತ್ತಿಕೊಂಡೆ.

"ಆ ಮನೆಗಲ್ಲ" ಅಂದ ಬುಚೋ ಡ್ರಾಯರಿನಿಂದ ನನ್ನ ಹಳೆಯ ಅರ್ಜಿ ತೆಗೆದರು. ಕನ್ನಡಕ ಸರಿಮಾಡಿಕೊಂಡು ಊರಿನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು. "ತು-ಮ-ಕೂ-ರು."

ಹತ್ತು ದಿನಕ್ಕೆ ಮುದ್ರೆ ಆಗಲೇ ಬಿದ್ದಿತ್ತು. ತಾರೀಖಿನ ಜಾಗವನ್ನು ಬಿಳಿ ಬಳಿದು ಖಾಲಿ ಬಿಟ್ಟಿದ್ದರು. ನಾನು ಎಲ್ಲರೆದುರೇ ಅತ್ತುಬಿಟ್ಟೆ, ನಾಚಿಕೆಯೇನೂ ಆಗಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಪರದೆಯಲ್ಲಿದ್ದ ಆಕೆ ಸುಮ್ಮನಿರದೆ, "ಹತ್ತೇ ದಿನವಾ? ನಾವು ಬೇಸಿಗೆಯಲ್ಲಿ ಒಟ್ಟಿಗೆ ನಾಲ್ಕು ವಾರ ಹೋಗುತ್ತೇವಲ್ಲ" ಅಂದಳು.

ಬುಚೋ ತಮ್ಮ ಡೈರಿ ತೆಗೆದು, ಗಿರಾಕಿಯ ಸೂಚನೆ ಅಂತ ತಲೆಬರಹ ಹಾಕಿ, ನಾಲ್ಕು ವಾರ ಅಂತ ಬರೆದುಕೊಂಡು ಎರಡು ಸಲ ಅಡಿಗೆರೆ ಎಳೆದರು. ಆಮೇಲೆ ನಿಧಾನವಾಗಿ ತಲೆಯೆತ್ತಿ ಮೊದಲು ತಮ್ಮ ಕುರ್ಚಿಯನ್ನು ನೋಡಿದರು, ಆಮೇಲೆ ನನ್ನನ್ನು.