ನಮ್ಮತ್ತೆಯ ಮೊಲದ ಮಾರ್ಕು ಸಿಗಾರ್

ನಮ್ಮ ವಂಶದಲ್ಲಿ ಮೇಷ್ಟ್ರುಗಳಿದ್ದಾರೆ, ಶಾನುಭೋಗರಿದ್ದಾರೆ, ಒಬ್ಬರು ಮಿಲಿಟರಿಗೂ ಹೋಗಿ ಬಂದಿದ್ದಾರೆ. ಇಷ್ಟೊಂದು ಮೀಸೆಗಳ ನಡುವೆ ಸಿಗಾರ್ ಸೇದುವ ಗತ್ತು ಒಲಿದದ್ದು ಮಾತ್ರ ಒಬ್ಬರಿಗೇ. ಅವರು ನಮ್ಮ ಸೋದರತ್ತೆ!

ಅತ್ತೆಯ ಗಂಡ, ಅಂದರೆ ನಮ್ಮ ಮಾವ, ಶ್ರೀನಿವಾಸಪುರದಲ್ಲಿ ಚುಟ್ಟದ ಅಂಗಡಿ ಇಟ್ಟಿದ್ದರು. ಹೊಗೆಸೊಪ್ಪನ್ನು ನೆನೆಸಿ, ಹಲಗೆಯ ಮೇಲೆ ಉರುಳಿಸಿ, ಒಂದೊಂದನ್ನೂ ತಾವೇ ಸುತ್ತುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅತ್ತೆಗೆ ಹಲ್ಲುನೋವು ಬಂತಂತೆ. ಔಷಧಿಯೆಂದು ಮಾವ ಒಂದು ಚುಟ್ಟ ಕೊಟ್ಟರಂತೆ. ಕಾಲಕ್ರಮದಲ್ಲಿ ಹಲ್ಲುಗಳೆಲ್ಲ ಉದುರಿಹೋದವು. ಔಷಧಿ ಮಾತ್ರ ನಿಲ್ಲಲಿಲ್ಲ!

ಒಮ್ಮೆ ಕೋಲಾರದಿಂದ ಬಸ್ಸಿನಲ್ಲಿ ಹೋಗುವಾಗ ಅತ್ತೆ ಕಿಟಕಿಯ ಪಕ್ಕ ಕೂತು ಚುಟ್ಟ ಹೊತ್ತಿಸಿಯೇಬಿಟ್ಟರು. ಕಂಡಕ್ಟರ್ ಓಡಿಬಂದ.

"ಆರ್ಸಮ್ಮಾ! ಬೋರ್ಡು ಕಾಣಲ್ವಾ?"

"ನಂಗೆ ಓದೋಕೆ ಬರಲ್ಲಪ್ಪ, ನೀನೇ ಓದು."

"ಬೀಡಿ, ಸಿಗರೇಟು ಸೇದಬಾರದು."

"ಅದ್ರಲ್ಲಿ ಚುಟ್ಟ ಎಲ್ಲೈತೆ, ತೋರ್ಸು!"

ಕಂಡಕ್ಟರ್ ಬೋರ್ಡನ್ನು ಇನ್ನೊಮ್ಮೆ ಓದಿಕೊಂಡ. ಬರೆದವನೇ ಮರೆತಿದ್ದರೆ ಅವನೇನು ಮಾಡಿಯಾನು, ಪಾಪ! ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹಿಂದಿನ ಸೀಟುಗಳ ಕಡೆ ಹೊರಟುಹೋದ.

ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಸೀಮೆಗೆ ಮೊಲದ ಮಾರ್ಕು ಸಿಗಾರ್ ಬಂತು. ಡಬ್ಬಿಯ ಮೇಲೆ ಕೋಟು ತೊಟ್ಟ ಮೊಲ. ಪ್ರಚಾರದ ವ್ಯಾನಿನಲ್ಲಿ ಬಂದ ಮೈಕಿನವನು ಅದರ ಚರಿತ್ರೆಯನ್ನು ಹರಿಕಥೆಯ ಹಾಗೆ ಹೇಳಿದ. ಅಣ್ಣತಮ್ಮಂದಿರಿಬ್ಬರು ಜಗಲಿಯಲ್ಲಿ ಕೂತು ಚುಟ್ಟ ಸುತ್ತಿ ಬುಟ್ಟಿಯಲ್ಲಿ ಮಾರುತ್ತಿದ್ದರಂತೆ. ಯುದ್ಧದ ಕಾಲದಲ್ಲಿ ಸಿಪಾಯಿಗಳು ಮುಗಿಬಿದ್ದು, ಕೈ ಸಾಲದೆ, ವಿಲಾಯಿತಿಯಿಂದ ಮಿಷಿನ್ ತರಿಸಿದರಂತೆ. ಮೊದಲ ದಿನ ಆ ಮಿಷಿನ್ ಪಡವಲಕಾಯಿಯಷ್ಟುದ್ದದ ಸಿಗಾರ್ ಹೆತ್ತಿತಂತೆ! "ಈಗ ನೋಡಿ, ಕೈ ಸೋಕದ, ಎಂಜಲು ತಾಕದ ಸಿಗಾರ್!" ಎಂದು ಅವನು ಪುಕ್ಕಟೆ ಹಂಚತೊಡಗಿದಾಗ, ಗಂಡಸರ ಸಾಲಿನಲ್ಲಿ ನುಗ್ಗಿ ಕೈಯೊಡ್ಡಿದವರು ನಮ್ಮತ್ತೆ. ಹೊತ್ತಿಸಿಕೊಂಡು ಸೀದಾ ಗಂಡನ ಅಂಗಡಿಯ ಮುಂದೆ ಬಂದು ನಿಂತರು!

ಮಾವ ಕಕ್ಕಾಬಿಕ್ಕಿ. "ಏಮೇ, ಇಷ್ಟು ವರ್ಷ ನನ್ನ ಕೈಲಿ ಸುತ್ತಿದ್ದು ಸೇದಿ, ಈಗ ಮಿಷಿನ್‌ಗೆ ಬಾಯಿ ಕೊಟ್ಯಾ?"

"ನಿಮ್ದು ಒಂದು ಕಡೆ ಉರಿದ್ರೆ ಇನ್ನೊಂದು ಕಡೆ ಆರ್ತದೆ. ಇದು ನೋಡಿ, ಹೊಸ ಸೊಸೆ ಇದ್ದಂಗೆ, ತಲೆ ತಗ್ಗಿಸ್ಕೊಂಡು ಉರೀತದೆ!"

ಇಡೀ ಬೀದಿ ನಕ್ಕಿತು. ಮಾವ ನಗಲಿಲ್ಲ.

ಅಲ್ಲಿಂದ ಮುಂದೆ ಅತ್ತೆ ಆ ಸಿಗಾರಿನ ಸಂಬಳವಿಲ್ಲದ ಏಜೆಂಟರಾದರು. ಹೋದಲ್ಲೆಲ್ಲ ಅದರ ಚರಿತ್ರೆ ಹೇಳಿದ್ದೇ ಹೇಳಿದ್ದು. ಮಾಲೂರಿನ ಮದುವೆಮನೆಯಲ್ಲಿ ಆ ಅಣ್ಣತಮ್ಮಂದಿರು ಮಹಾರಾಜರಿಗೆ ದೂರದ ನೆಂಟರಾದರು. ಮುಳಬಾಗಿಲಿನ ಗೃಹಪ್ರವೇಶದ ಹೊತ್ತಿಗೆ ಮಿಷಿನ್ ಜೊತೆಗೆ ಹಡಗಿನಲ್ಲಿ ಒಬ್ಬ ದೊರೆಸಾನಿಯೂ ಬಂದಿಳಿದಳು. ವಕ್ಕಲೇರಿಯ ನಾಮಕರಣದಲ್ಲಿ ದೊರೆಸಾನಿಗೂ ತಮ್ಮನಿಗೂ ಮದುವೆಯೇ ಆಗಿಹೋಯಿತು! ನೆಂಟರು ಬಾಣಂತಿಯನ್ನೂ ಮಗುವನ್ನೂ ಬಿಟ್ಟು ದೊರೆಸಾನಿಯ ಸೀರೆಯ ಬಣ್ಣ ಕೇಳುತ್ತಿದ್ದರು.

ಕೊನೆಗೊಂದು ದಿನ ಮಾವ ಅಂಗಡಿ ಮುಚ್ಚಿದರು. "ಮನೆ ಯಜಮಾನಿಯೇ ಮಿಷಿನ್ ಪಾರ್ಟಿ ಸೇರಿದ ಮೇಲೆ ನಂದೇನು ನಡೀತದೆ?" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡರು. ಊಟಕ್ಕೆ ಮಾವಿನ ತೋಟವಿತ್ತು, ತೊಂದರೆಯಿರಲಿಲ್ಲ. ಆದರೂ ಬಂಧುಬಳಗವೆಲ್ಲ ಅತ್ತೆಯ ಮೇಲೆ ತಿರುಗಿಬಿತ್ತು. ನಮ್ಮಪ್ಪ ಶ್ರೀನಿವಾಸಪುರಕ್ಕೇ ಹೋಗಿ ಕೂಗಾಡಿದರು.

"ಅಕ್ಕಾ, ಕಟ್ಕೊಂಡ ಗಂಡನ ಹೊಟ್ಟೆ ಮೇಲೆ ಹೊಡೆದ್ಯಲ್ಲ!"

"ಹೊಟ್ಟೆ ಇದ್ರೆ ತಾನೇ ಹೊಡೆಯೋದು? ನಿಮ್ಮ ಭಾವ ಕಡ್ಡಿ ಇದ್ದಂಗವ್ರೆ!"

ಅತ್ತೆ ಹಿಡಿದ ಮೊಲಕ್ಕೆ ಮೂರೇ ಕಾಲು. ಡಬ್ಬಿಯ ಮೇಲಿನ ಮೊಲಕ್ಕೆ ನಾಲ್ಕು ಕಾಲಿದ್ದರೂ ಅಷ್ಟೇ!

ಆಗ ನಾನು ಕೋಲಾರದಲ್ಲಿ ಕಾಲೇಜು ಓದುತ್ತಿದ್ದೆ. ಎರಡಕ್ಷರ ಕಲಿತ ಕೊಬ್ಬು ಬೇರೆ. ಬೇಸಿಗೆ ರಜೆಯಲ್ಲಿ ಶ್ರೀನಿವಾಸಪುರಕ್ಕೆ ಹೋದವಳೇ, ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಅತ್ತೆಯ ಮುಂದೆ ಕೂತು ಕೇಳಿಯೇಬಿಟ್ಟೆ: "ಮಿಷಿನ್‌ದು ಅಷ್ಟೊಂದು ಚೆನ್ನಾಗೈತಾ ಅತ್ತೆ? ಮಾವನ ಅಂಗಡಿ ಮುಚ್ಚಿಸೋ ಅಷ್ಟು?"

ಅತ್ತೆ ಬಾಗಿಲ ಕಡೆ ನೋಡಿದರು. ದನಿ ಇಳಿಸಿದರು.

"ಚೆನ್ನಾಗೈತಾ? ಥೂ! ಒಣಹುಲ್ಲು ಸೇದಿದಂಗೈತೆ."

"ಮತ್ತೆ?"

"ನಿಮ್ಮ ಮಾವನಿಗೆ ಕೈ ನಡುಗ್ತದೆ ಕಣೇ. ಎಲೆ ಸುತ್ತೋಕೆ ಆಗ್ತಿರಲಿಲ್ಲ. ಹಿಂದಿನ ಕೋಣೇಲಿ ಕೂತ್ಕೊಂಡು ಸುತ್ತೋರು, ಬಿಚ್ಚೋರು, ಮತ್ತೆ ಸುತ್ತೋರು. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ರು." ಒಂದು ಹಣ್ಣಿನ ಬೀಜ ಬಿಡಿಸಿ ಪಕ್ಕಕ್ಕೆಸೆದರು. "ಕೈ ಬಿದ್ದೋಯ್ತು, ಅದಕ್ಕೇ ಮುಚ್ಚಿದ ಅಂತ ಊರೋರು ಅನ್ನೋದು ಬೇಡ. ಹೆಂಡ್ತಿ ಸರಿಯಿಲ್ಲ, ಅದಕ್ಕೇ ಮುಚ್ಚಿದ ಅನ್ಲಿ ಬಿಡು. ನಂಗೇನು, ಬೈಸ್ಕೊಂಡು ಅಭ್ಯಾಸ."

ನಾನೂ ಒಂದು ಹಣ್ಣು ಕೈಗೆತ್ತಿಕೊಂಡು ಬಿಡಿಸತೊಡಗಿದೆ.

ಅಷ್ಟರಲ್ಲಿ ಮಾವ ಬೆಂಕಿಪೊಟ್ಟಣ ಹಿಡಿದುಕೊಂಡು ಹಿತ್ತಲಿಗೆ ಬಂದರು. "ಏಮೇ, ನಿನ್ನ ದೊರೆಸಾನಿ ಸಿಗಾರ್ ಎಲ್ಲಿ? ತಾ, ಹಚ್ತೀನಿ" ಎಂದರು. ಅತ್ತೆ ಸಿಗಾರ್ ತುಟಿಗಿಟ್ಟುಕೊಂಡು ಮುಖ ಮುಂದೆ ಚಾಚಿದರು. ಮಾವ ಗೀರಿದ ಕಡ್ಡಿ ಸಿಗಾರಿನ ತುದಿ ಹುಡುಕುತ್ತಲೇ ಆರಿಹೋಯಿತು. ಇನ್ನೊಂದು ಗೀರಿದರು. ಅದೂ ಆರಿತು. ಬಸ್ಸಿನ ಕಂಡಕ್ಟರನನ್ನೂ ಬಿಡದ ನಮ್ಮತ್ತೆ, ಕತ್ತು ಚಾಚಿದಂತೆಯೇ ಕಾದರು.

"ಹಾಳು ಗಾಳಿ ಇವತ್ತು," ಎಂದರು ಅತ್ತೆ, ಸಿಗಾರ್ ಬಾಯಲ್ಲಿಟ್ಟುಕೊಂಡೇ.

ನಾನು ತಲೆಯೆತ್ತಿ ನೋಡಿದೆ. ಹುಣಸೆಮರದ ಒಂದೆಲೆಯೂ ಅಲುಗುತ್ತಿರಲಿಲ್ಲ.

"ಹೌದು ಮಾವ," ಎಂದೆ, "ತುಂಬಾ ಗಾಳಿ." ಎದ್ದುಹೋಗಿ ಗಾಳಿಗೆ ಅಡ್ಡವಾಗಿ ಅವರ ಪಕ್ಕ ಸೆರಗು ಹಿಡಿದು ನಿಂತೆ.