ಬಾಡಿಗೆ ಕೊಟ್ಟ ತಂತಿ

ಹೆಮ್ಮೆಪಡಲು ಮನುಷ್ಯನಿಗೆ ದೊಡ್ಡ ಕಾರಣಗಳೇ ಬೇಕೆಂದಿಲ್ಲ. ಕೆಲವರಿಗೆ ಮಗನ ಜಾತಕ ಸಾಕು, ಕೆಲವರಿಗೆ ಹಿತ್ತಲಿನ ಕುಂಬಳಕಾಯಿ ಸಾಕು. ನನಗಾದರೋ ಹುಣಸೂರಿನಲ್ಲಿ ಮೊಟ್ಟಮೊದಲು ಹಾಡಿದ ಕಾರು ನಮ್ಮದೆಂದು ನೆನೆದರೆ ಈಗಲೂ ಕೋಟಿನ ಗುಂಡಿ ಬಿಗಿಯಾಗುತ್ತದೆ. ಮೊಟ್ಟಮೊದಲು ಎಂದೆನೆ? ಎರಡನೆಯದೂ ಇರಬಹುದು, ನನ್ನ ಜ್ಞಾಪಕವನ್ನು ನಾನೇ ಪೂರ್ತಿ ನಂಬುವುದಿಲ್ಲ.

ಕಾರು ಪಿರಿಯಾಪಟ್ಟಣದ ನಮ್ಮ ಮಾವನವರು ಓಡಿಸಿ ದಣಿಸಿ ಮಗಳಿಗೆ ಕೊಟ್ಟದ್ದು. ಕೊಡುವಾಗಲೇ, "ಕೆಡಿಸಿದ್ರೆ ವಾಪಸ್ ತಕೊಂಡೋಯ್ತೀನಿ, ಅಳಿಯಂದ್ರೇ" ಎಂದಿದ್ದರು. ಅಂಥ ಕಾರಿಗೆ ನಾನು ಕೊಡಗಿನ ತೋಟದ ದೊರೆಯೊಬ್ಬರು ಮಾರಿದ ರೇಡಿಯೋ ಕೂಡಿಸಲು ಹೊರಟೆ. ಅಂದೇ ಸಂಜೆ ಮಾವ ಬರುವವರಿದ್ದರು. ಬಸ್ಸು ರಿಪೇರಿ ಮಾಡುವ ಖಾದರ್ ಸಾಬರು ಕಾರಿನ ಮುಂಭಾಗದ ಮರದ ಹಲಗೆ ಕೊರೆದು ರೇಡಿಯೋ ಪೆಟ್ಟಿಗೆ ಕೂಡಿಸಿದರು; ತಂತಿಗಳ ಶಾಸ್ತ್ರ ಮಾತ್ರ ಭೌತಶಾಸ್ತ್ರ ಓದಿದ ನನ್ನದು. ಮನೆಯ ರೇಡಿಯೋದಿಂದ ನೆಲಕ್ಕಿಳಿಸುವ ಅರ್ಥ್ ತಂತಿ ಬಚ್ಚಲ ನೀರು ಹರಿಯುವ ಬಾಳೆಯ ಬುಡದಲ್ಲಿ ಹೂತಿತ್ತು. ಕಾರಿಗೂ ಭೂಮಿ ಬೇಡವೆ? ಕುಂಡದಲ್ಲಿ ಹಸಿಮಣ್ಣು ತುಂಬಿ ಸೀಟಿನ ಕೆಳಗಿಟ್ಟು, ತಂತಿಯನ್ನು ಅದರಲ್ಲಿ ನೆಟ್ಟೆ. ರೇಡಿಯೋ ಕೆಮ್ಮಲೂ ಇಲ್ಲ. ಹೆಂಡತಿ ಒಂದು ಚೊಂಬು ನೀರು ಹುಯ್ದಳು. ಆಗಲೂ ಇಲ್ಲ.

ಕಾರಿನಡಿ ಮಲಗಿದ್ದ ಸಾಬರು ಕೂಗಿದರು: "ಮಣ್ಣು ಯಾಕೆ ಸಾಮಿ, ಬಾಡಿಗೆ ಕೊಟ್ಬುಡಿ!"

ಅದೇ ಗಳಿಗೆಗೆ ಮಾವ ಗೇಟಿನಲ್ಲಿ!

"ಏನಂದೆ ಸಾಬಿ? ನನ್ ಮಗ್ಳ ಕಾರ ಬಾಡ್ಗೆಗೆ ಬುಡೋದಾ? ಎಲ್ಲಿ, ಕೀಲಿ ಕೊಡಿ ಇಲ್ಲಿ!"

"ಬಾಡಿ, ಗೌಡ್ರೇ, ಬಾಡಿ! ಕಾರಿನ ಮೈ ಕಣ್ರೀ!" ಸಾಬರು ಎದ್ದು ಬಂದು ಮಡ್‌ಗಾರ್ಡನ್ನು ತಟ್ಟಿದರು, ತಂತಿಯನ್ನು ಕುಂಡದಿಂದ ಕಿತ್ತು ಬಾಡಿಯ ಕಬ್ಬಿಣದ ಬೋಲ್ಟಿಗೆ ಬಿಗಿದರು. ಮಾವ ಕೈ ಚಾಚಿಕೊಂಡೇ ನಿಂತಿದ್ದರು. ರೇಡಿಯೋದ ಒಳಗಿನ ಬಲ್ಬುಗಳು ಬಿಸಿಯಾಗಲು ಅರ್ಧ ನಿಮಿಷ. ನನಗದು ಅರ್ಧ ಆಯುಸ್ಸು. ಗೊರ್ರೆಂದಿತು, ಆಮೇಲೆ ಮೈಸೂರಿನಿಂದ ಯಾರೋ ವೀಣೆ ಮೀಟಿದರು.

ಮಾವ ಕೀಲಿಯನ್ನು ಮರೆತು ಹಿಂದಿನ ಸೀಟಿನಲ್ಲಿ ಕುಳಿತರು. "ನಡೀರಿ ಅಳಿಯಂದ್ರೇ, ಪಿರಿಯಾಪಟ್ಣಕ್ಕೆ! ನಮ್ಮೋರೂ ಕೇಳ್ಲಿ."

ಈ ಕಥೆಯನ್ನು ಬಂದವರಿಗೆಲ್ಲ ಹೇಳುತ್ತೇನೆ. ಮೊನ್ನೆ ನೆಂಟರ ಮುಂದೆ ಹೇಳುತ್ತಿದ್ದಾಗ ಹೆಂಡತಿ ಕಾಫಿಲೋಟ ಇಡುತ್ತ, "ಅಪ್ಪ ಬಂದಿದ್ದು ವೀಣೆ ಶುರುವಾದ ಮೇಲೆ ಕಣ್ರೀ. 'ಕಾಲೇಜಲ್ಲಿ ಓದಿದವನ ಕಾರು ಬಾಡಿಗೆಗೆ ಸಿಕ್ಕೋದಿಲ್ಲ' ಅಂತ ಸಾಬರ ಮೇಲೆ ಹಾರಾಡಿದ್ದು ನೀವೇ" ಎಂದಳು.

ನಾನು ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಆ ಕಾಲೇಜಿನ ಮಾತು ನನಗೂ ನೆನಪಿದೆ; ಅದನ್ನು ಆಡಿದವರು ಮಾವನವರೇ ಎನ್ನೋಣವೆಂದರೆ, ಅವರು ಕಾಲೇಜಿನ ಮೆಟ್ಟಿಲು ಕಂಡವರೇ ಅಲ್ಲ ಎಂಬುದೊಂದೇ ತೊಡಕು.