ಊರಿಗಾಂ ಕಚೇರಿಯ ಟೀ ಸಾಲದ ನ್ಯಾಯಯುತ ಹಾಗೂ ಸುಸ್ಥಿರ ನಿರ್ವಹಣೆ

ಕಚೇರಿ ಸುತ್ತೋಲೆ
ಸಂಖ್ಯೆ: ಊಕ/ಸಾಲ/ಟೀ/17/2025-26
ದಿನಾಂಕ: ಸಹಿಯಾದ ದಿನ

ವಿಷಯ: ಗೇಟಿನ ಪಕ್ಕದ ಅಮ್ಮಾಜಮ್ಮನವರ ಟೀ ಅಂಗಡಿಯಲ್ಲಿ ಈ ಕಚೇರಿಯು ಹೊಂದಿರುವ ₹18,640 ಸರ್ಕಾರಿ ಸಾಲದ ಕುರಿತು.

ಉಲ್ಲೇಖ:
1. ಗೋಡೆಯ ಮೇಲಿನ ಇದ್ದಿಲು ಗೆರೆಗಳು (ಈಗ ಇರುವುದಿಲ್ಲ).
2. ಸದರಿಯವರ ಮೌಖಿಕ ಮನವಿ: “ಬೂದಿಕೋಟೆ ಮುನಿನಾರಾಯಣಮ್ಮ ಆಲಿನ್ ಕಾಸು ಕೇಳ್ತಾವ್ರೆ. ಬಾಕಿ ಕೊಡ್ರಿ ಸಾಮಿ, ಇಲ್ಲಾಂದ್ರೆ ನಾಳೆಯಿಂದ ಬಿಸ್ನೀರೂ ಇಲ್ಲ.”

ಸಿಬ್ಬಂದಿ ಕುಡಿದ ಪ್ರತಿ ಟೀಗೆ ಕಚೇರಿಯ ಕಾಂಪೌಂಡ್ ಗೋಡೆಯ ಮೇಲೆ ಒಂದು ಗೆರೆ ಎಳೆಯುವುದು ಸದರಿಯವರ ಪದ್ಧತಿಯಾಗಿರುತ್ತದೆ. ಮೇಲಧಿಕಾರಿಗಳ ಭೇಟಿ ಪ್ರಯುಕ್ತ ಗೋಡೆಗೆ ಸುಣ್ಣ ಹೊಡೆಸಲಾಗಿ, ಸಾಲವು ತೃಪ್ತಿಕರವಾಗಿ ಇತ್ಯರ್ಥವಾಗಿತ್ತು. ಆದರೆ ಎಲ್ಲ ಗೆರೆಗಳೂ ಸದರಿಯವರಿಗೆ ಬಾಯಿಪಾಠವೆಂಬ ವಿಷಾದಕರ ಅಂಶ ಗಮನಕ್ಕೆ ಬಂದಿರುವುದರಿಂದ, ಈ ಕೆಳಕಂಡಂತೆ ಸೂಚಿಸಲಾಗಿದೆ:

1. ತೀರಿದ ಸಾಲವನ್ನು ನಿರ್ವಹಿಸಲು ಬರುವುದಿಲ್ಲ. ಆದ್ದರಿಂದ ಸಾಲವನ್ನು ಪೂರ್ತಿ ತೀರಿಸತಕ್ಕದ್ದಲ್ಲ.

2. ಒಬ್ಬರಲ್ಲೇ ಸಾಲ ಮಾಡುವುದು ಪಕ್ಷಪಾತವಾಗುತ್ತದೆ. ಮಾರಿಕುಪ್ಪಂ ಸ್ಟೇಷನ್ ಬಳಿಯ ಸೆಲ್ವರಾಜ್ ರವರ ಅಂಗಡಿಗೂ ಸಮಾನ ಅವಕಾಶ ನೀಡತಕ್ಕದ್ದು. ಹೋಗಿಬರುವ ಅವಧಿಯನ್ನು ಕರ್ತವ್ಯವೆಂದು ಪರಿಗಣಿಸಲಾಗುವುದು.

3. ನಿವೃತ್ತರಾಗುವವರು ತಮ್ಮ ಪಾಲಿನ ಸಾಲವನ್ನು ಒಂದು ಗೆರೆಯೂ ಕೊರತೆಯಾಗದಂತೆ ಮುಂದಿನವರಿಗೆ ಪ್ರಭಾರ ವಹಿಸಿಕೊಡತಕ್ಕದ್ದು. ದ್ವಿತೀಯ ದರ್ಜೆ ಸಹಾಯಕ ನರೇಶ್ ರವರು ಕಳೆದ ಮಂಗಳವಾರ ಸ್ವಂತ ಜೇಬಿನಿಂದ ₹240 ಪಾವತಿಸಿ ಕಚೇರಿಯ ಪರಂಪರೆಗೆ ಧಕ್ಕೆ ತಂದಿದ್ದು, ಕಾರಣ ಕೇಳಿ ನೋಟಿಸ್ ನೀಡಲಾಗಿದೆ.

4. ಸಾಲ ಇಳಿಕೆ ಸಮಿತಿಯು ಪ್ರತಿ ಸೋಮವಾರ ಸಭೆ ಸೇರತಕ್ಕದ್ದು. ಸಭೆಯ ಟೀ ಮತ್ತು ವಡೆಯನ್ನು ಸದರಿ ಸಾಲಕ್ಕೇ ಸೇರಿಸತಕ್ಕದ್ದು.

5. ಸಕ್ಕರೆ ಕಡಿಮೆಯಿದ್ದ ಟೀಗಳನ್ನು ಅರ್ಧ ಗೆರೆಯೆಂದು ಪೂರ್ವಾನ್ವಯವಾಗಿ ಪರಿಗಣಿಸತಕ್ಕದ್ದು. ಯಾವ ಟೀ ಎಂಬುದನ್ನು ಕುಡಿದವರೇ ದೃಢೀಕರಿಸತಕ್ಕದ್ದು.

6. ಆದಾಗ್ಯೂ, ಹಾಲಿನ ಬಾಕಿಯ ತುರ್ತನ್ನು ಪರಿಗಣಿಸಿ, ಮಾನವೀಯ ನೆಲೆಯಲ್ಲಿ ₹500 ಮೊದಲ ಕಂತು ಮಂಜೂರಾಗಿದೆ. ಈ ಸುತ್ತೋಲೆಗೆ ಸಹಿಯಾದ ನಂತರವಷ್ಟೇ ಪಾವತಿ.

(ಸಹಿ ಬಾಕಿ)
ಆದಿನಾರಾಯಣ
ಕಚೇರಿ ಅಧೀಕ್ಷಕರು

ವಿ.ಸೂ.: ಮಾನ್ಯ ಅಧೀಕ್ಷಕರು ಬೆಳಗಿನ ಟೀ ಆಗದೆ ಯಾವ ಕಾಗದಕ್ಕೂ ಸಹಿ ಮಾಡುವುದಿಲ್ಲ. ನಿನ್ನೆಯಿಂದ ಟೀ ಬಂದಿರುವುದಿಲ್ಲ.

ಪ್ರತಿಗಳು:
1. ಸೆಲ್ವರಾಜ್, ಮಾರಿಕುಪ್ಪಂ: ಸಾಲ ಕೊಡಲು ಸಿದ್ಧರಾಗುವಂತೆ.
2. ಆರುಮುಗಂ, ಸುಣ್ಣ ಹೊಡೆದವರು: ಎರಡನೇ ಸುತ್ತಿನ ಸುಣ್ಣಕ್ಕಾಗಿ. (ಇವರ ಕೂಲಿಯೂ ಬಾಕಿ ಇದೆ.)
3. ಕಚೇರಿ ಕಡತಕ್ಕೆ.
4. ಶ್ರೀಮತಿ ಅಮ್ಮಾಜಮ್ಮ: ಮುಂಗಡ ಪ್ರತಿ, ಟೀ ಕಳುಹಿಸುವ ಕೋರಿಕೆಯೊಂದಿಗೆ. (ಸದರಿ ಪ್ರತಿಯಲ್ಲಿ ಎರಡು ವಡೆ ಕಟ್ಟಿ ವಾಪಸ್ ಕಳುಹಿಸಲಾಗಿದೆ. ಮೌಖಿಕ ಉತ್ತರ: “ವಡೆ ನರೇಶಪ್ಪಂಗೆ. ಮಿಕ್ಕೋರು ಕಾಸ್ ತಕೊಂಡ್ ಬನ್ನಿ.”)